ಮಾಡಿದವನೇ ಸ್ಕ್ರೂ ಇಟ್ಟಿದ್ದಾನೆ, ತಿರುಗಿಸೋಕೆ ನಮಗೇನು ಹೆದರಿಕೆ?

"ಫೋಕಸ್ ಹೋಗಿದೆ, ಇನ್ನು ಇದು ಬರೋದಿಲ್ಲ."

ಈ ಒಂದು ಮಾತಿಗೆ ಹೆದರಿ ಎಷ್ಟು ಒಳ್ಳೆಯ ಕ್ಯಾಮೆರಾಗಳು ಗುಜರಿ ಸೇರಿವೆಯೋ, ಲೆಕ್ಕ ಇಟ್ಟವರಿಲ್ಲ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ಬಾಗಿಲು ಮುಚ್ಚಿದ ಸ್ಟುಡಿಯೋಗಳ ಕಪಾಟಿನಲ್ಲಿ ಇನ್ನೂ ಕೆಲವು ಬಿದ್ದಿವೆ. ಅವುಗಳಲ್ಲಿ ರೇಂಜ್‌ಫೈಂಡರ್ ಜಾತಿಯವು ಇದ್ದರೆ ನಾನು ಹೇಳೋದು ಇಷ್ಟೇ: ಫೋಕಸ್ ಎಲ್ಲೂ ಹೋಗಿಲ್ಲ. ಎಷ್ಟೋ ಸಲ ತಕ್ಕಡಿಯ ಮುಳ್ಳು ಸರಿದ ಹಾಗೆ ಒಳಗಿನ ಒಂದು ಭಾಗ ಕೂದಲೆಳೆಯಷ್ಟು ಸರಿದಿರುತ್ತದೆ, ಅಷ್ಟೇ. ಅದನ್ನು ಮತ್ತೆ ಜಾಗಕ್ಕೆ ತರಲೆಂದು ಕ್ಯಾಮೆರಾ ಮಾಡಿದವನೇ ಅಲ್ಲೊಂದು ಸ್ಕ್ರೂ ಇಟ್ಟಿದ್ದಾನೆ. ಆ ಸ್ಕ್ರೂವನ್ನು ನೀವೇ ತಿರುಗಿಸಬಹುದು. ತಿರುಗಿಸಬೇಕು ಅನ್ನೋದೇ ನನ್ನ ವಾದ.

ಸ್ಕ್ರೂ ವಿಷಯಕ್ಕೆ ಇಷ್ಟು ದೊಡ್ಡ ಲೇಖನ ಯಾಕೆ ಅಂತ ಕೇಳಬಹುದು. ಹೊಲದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಕೆಟ್ಟರೆ ಟೆಸ್ಟರ್ ಹಿಡಿದು ನಾವೇ ಕೂರುತ್ತೇವೆ. ಬೈಕಿನ ಚೈನ್ ಸಡಿಲವಾದರೆ ಸ್ಪ್ಯಾನರ್ ತೆಗೆಯುತ್ತೇವೆ. ನೇಗಿಲು, ಕೂರಿಗೆ, ಸ್ಪ್ರೇಯರ್, ಯಾವುದಕ್ಕೂ ಊರಿನವರು ಕೈ ಹಾಕಲು ಹಿಂಜರಿದವರಲ್ಲ. ಅದೇ ಜನ ಕ್ಯಾಮೆರಾ ಅಂದ ತಕ್ಷಣ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. "ಅಯ್ಯೋ, ಅದು ಸೂಕ್ಷ್ಮ ಕಣಪ್ಪ, ಬೆಂಗಳೂರಿಗೇ ಕಳಿಸಬೇಕು" ಅಂತಾರೆ. ಈ ಹೆದರಿಕೆ ತಾನಾಗಿ ಹುಟ್ಟಿದ್ದಲ್ಲ, ನಮ್ಮೊಳಗೆ ಬಿತ್ತಿದ್ದು. ಬಿತ್ತಿದವರೇ ಅದರ ಫಸಲು ಕೊಯ್ಯುತ್ತಿದ್ದಾರೆ.

ಎರಡು ಕಿಟಕಿ, ಒಂದು ಹೆಬ್ಬೆರಳು

ಮೊದಲು ಇದು ಏನು ಅಂತ ನೋಡೋಣ. ತಿಳಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಕೈ ಮುಂದೆ ಚಾಚಿ ಹೆಬ್ಬೆರಳು ನಿಲ್ಲಿಸಿ. ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹೆಬ್ಬೆರಳು ಆ ಕಡೆ ಈ ಕಡೆ ಜಿಗಿಯುತ್ತದೆ. ದೂರದ ತೆಂಗಿನ ಮರ ಅಷ್ಟು ಜಿಗಿಯೋದಿಲ್ಲ. ಹತ್ತಿರದ್ದು ಹೆಚ್ಚು ಜಿಗಿಯುತ್ತದೆ, ದೂರದ್ದು ಕಡಿಮೆ. ಈ ಜಿಗಿತ ಅಳೆದರೆ ದೂರ ಗೊತ್ತಾಗುತ್ತದೆ.

ರೇಂಜ್‌ಫೈಂಡರ್ ಮಾಡೋದು ಇದನ್ನೇ. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಕಿಟಕಿ. ಒಂದರಿಂದ ನೇರ ನೋಟ ಬರುತ್ತದೆ. ಇನ್ನೊಂದರಿಂದ ಬಂದ ನೋಟ ಒಳಗಿನ ಅರೆಪಾರದರ್ಶಕ ಕನ್ನಡಿಗೆ ಬಿದ್ದು ಮೊದಲಿನದರ ಮೇಲೆ ಕೂರುತ್ತದೆ. ನೋಡುವವನಿಗೆ ನಡುವೆ ಒಂದು ಮಚ್ಚೆಯಲ್ಲಿ ಎರಡೆರಡು ಬಿಂಬ ಕಾಣುತ್ತವೆ. ಲೆನ್ಸ್ ತಿರುಗಿಸಿದಂತೆ ಅದರ ಹಿಂಭಾಗ ಒಂದು ಸಣ್ಣ ಕೈಯನ್ನು ಒತ್ತುತ್ತದೆ, ಆ ಕೈ ಒಳಗಿನ ಭಾಗವನ್ನು ತಿರುಗಿಸುತ್ತದೆ, ಎರಡನೇ ಬಿಂಬ ಸರಿಯುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತಾಗ ಫೋಕಸ್ ಆಯಿತು. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಇಲ್ಲ.

ಲೈಕಾ ಕಂಪನಿ 1925ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಕ್ಯಾಮೆರಾದಲ್ಲಿ ಇದು ಇರಲಿಲ್ಲ. ದೂರವನ್ನು ಕಣ್ಣಂದಾಜಿನಲ್ಲೋ, ಬೇರೆ ಸಾಧನದಲ್ಲೋ ಅಳೆದು ಲೆನ್ಸ್ ಮೇಲೆ ಇಡಬೇಕಿತ್ತು. 1932ರ ಲೈಕಾ 2ರಲ್ಲಿ ರೇಂಜ್‌ಫೈಂಡರ್ ಮತ್ತು ಲೆನ್ಸ್ ಒಂದಕ್ಕೊಂದು ಜೋಡಣೆಯಾದವು. 1954ರ ಲೈಕಾ ಎಂ3ರಲ್ಲಿ ಚೌಕಟ್ಟು ನೋಡುವ ಕಿಂಡಿ, ಫೋಕಸ್ ನೋಡುವ ಕಿಂಡಿ ಎರಡೂ ಒಂದಾದವು. ಕಾರ್ಟಿಯೆ ಬ್ರೆಸ್ಸಾನ್ ಜಗತ್ತು ಸುತ್ತಿದ್ದು ಈ ಜಾತಿಯ ಕ್ಯಾಮೆರಾ ಹಿಡಿದೇ. 1948ರ ಜನವರಿ 30ರಂದು, ಗಾಂಧೀಜಿ ಹತ್ಯೆಗೆ ಸ್ವಲ್ಪ ಹೊತ್ತು ಮುಂಚೆ, ಅವರನ್ನು ದೆಹಲಿಯಲ್ಲಿ ಭೇಟಿಯಾಗಿ ಬಂದವರು ಅವರು. ಸುದ್ದಿಚಿತ್ರ ಎಂಬ ಕೆಲಸ ಬೆಳೆದಿದ್ದರಲ್ಲಿ ಈ ಎರಡು ಕಿಟಕಿಗಳ ಪಾಲು ದೊಡ್ಡದು.

ಇದನ್ನು ಮಾಡಿದ ಕೈಗಳು ಯಾರವು?

"ಅಂಥ ಸೂಕ್ಷ್ಮ ಯಂತ್ರ ಸಾಮಾನ್ಯರ ಕೈಗೆ ಸಿಗುವಂಥದ್ದಲ್ಲ" ಅನ್ನುವವರಿಗೆ ಒಂದು ಕಥೆ ಹೇಳುತ್ತೇನೆ. ಕಟ್ಟುಕಥೆಯಲ್ಲ, ಚರಿತ್ರೆ.

ಉಕ್ರೇನಿನ ಖಾರ್ಕಿವ್ ನಗರದಲ್ಲಿ 1920ರ ದಶಕದ ಕೊನೆಗೆ ಒಂದು ಕಮ್ಯೂನ್ ಶುರುವಾಯಿತು. ಯುದ್ಧ, ಬರ, ಕ್ರಾಂತಿಗಳಲ್ಲಿ ಮನೆಮಠ ಕಳೆದುಕೊಂಡು ಬೀದಿಗೆ ಬಿದ್ದ ಮಕ್ಕಳಿಗೆ ಅದು ಆಶ್ರಯ. ಶಿಕ್ಷಣ ತಜ್ಞ ಆಂಟನ್ ಮಕರೆಂಕೊ ಅದನ್ನು ನಡೆಸಿದವರು. ಹೆಸರು ಇಟ್ಟಿದ್ದು ಮಾತ್ರ ಸೋವಿಯತ್ ರಹಸ್ಯ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯದ್ದು. ಆ ಮನುಷ್ಯನ ಹೆಸರಿಗೆ ಅಂಟಿದ ರಕ್ತದ ಕಲೆ ಬೇರೆ ವಿಷಯ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆ ಹೆಸರಿನ ಮೂರು ಮೊದಲಕ್ಷರ ಸೇರಿ ಫೆಡ್ ಆಯಿತು. ಆ ಕಮ್ಯೂನಿನ ಹುಡುಗ ಹುಡುಗಿಯರು ಮೊದಲು ಎಲೆಕ್ಟ್ರಿಕ್ ಡ್ರಿಲ್ ಮಾಡಿದರು. ಆಮೇಲೆ ಲೈಕಾ ಬಿಚ್ಚಿ ನೋಡಿ ಅದರಂಥದ್ದೇ ಕ್ಯಾಮೆರಾ ಮಾಡಿ, 1934ರಿಂದ ಸಾಲುಸಾಲಾಗಿ ಹೊರತಂದರು.

ಅವರ ಜೊತೆ ಎಂಜಿನಿಯರುಗಳಿದ್ದರು, ಅಳತೆಯ ಉಪಕರಣಗಳಿದ್ದವು, ನಿಜ. ಆದರೆ ನಿನ್ನೆ ಮೊನ್ನೆಯವರೆಗೆ ಬೀದಿಯಲ್ಲಿದ್ದ ಹದಿಹರೆಯದವರ ಕೈಗೆ ಆ ಕೆಲಸ ಒಗ್ಗಿತು ಅನ್ನೋದೂ ಅಷ್ಟೇ ನಿಜ. ಅವರು ಇಡೀ ಕ್ಯಾಮೆರಾ ಜೋಡಿಸಿದರು. ನಮಗೆ ಅದರ ಒಂದು ಸ್ಕ್ರೂ ತಿರುಗಿಸೋಕೆ ಬರೋದಿಲ್ಲವೇ?

ಆಮೇಲೆ 1948ರಿಂದ ಮಾಸ್ಕೋ ಹತ್ತಿರದ ಕ್ರಾಸ್ನಗೋರ್ಸ್ಕ್ ಕಾರ್ಖಾನೆ ಅದೇ ವಂಶದ ಜೋರ್ಕಿ ಕ್ಯಾಮೆರಾ ಮಾಡಿತು. 1956ರಲ್ಲಿ ಬಂದ ಜೋರ್ಕಿ 4 ಲಕ್ಷಗಟ್ಟಲೆ ತಯಾರಾಯಿತು. ಈ ಲೇಖನದ ಉದಾಹರಣೆ ಅದೇ, ಯಾಕೆಂದರೆ ಅದರ ಹೊಂದಾಣಿಕೆಗೆ ಮೇಲಿನ ಮುಚ್ಚಳ ಬಿಚ್ಚುವುದೂ ಬೇಡ.

ಹಗಲಿನಲ್ಲಿ ಸರಿ, ಮನೆಯೊಳಗೆ ಮಸುಕು

ರೇಂಜ್‌ಫೈಂಡರ್ ಸರಿದಿದೆ ಅಂತ ಎಷ್ಟೋ ಜನರಿಗೆ ಗೊತ್ತೇ ಆಗೋದಿಲ್ಲ. ಇದಕ್ಕೆ ಕಾರಣ ಇದೆ.

50 ಮಿಲಿಮೀಟರ್ ಲೆನ್ಸ್ ಹಾಕಿ, ಒಳ್ಳೆ ಬಿಸಿಲಲ್ಲಿ ಎಫ್ 8 ಇಟ್ಟು, 5 ಮೀಟರ್ ದೂರದವರ ಚಿತ್ರ ತೆಗೆದರೆ ಸುಮಾರು ಮೂರೂವರೆ ಮೀಟರಿನಿಂದ ಒಂಬತ್ತೂವರೆ ಮೀಟರಿನವರೆಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ರೇಂಜ್‌ಫೈಂಡರ್ ಅರ್ಧ ಮೀಟರ್ ಸುಳ್ಳು ಹೇಳಿದರೂ ಚಿತ್ರ ಅದನ್ನು ಕ್ಷಮಿಸುತ್ತದೆ. ಅದೇ ಲೆನ್ಸನ್ನು ಮನೆಯೊಳಗೆ ಎಫ್ 2ಕ್ಕೆ ತೆರೆದು, 1 ಮೀಟರ್ ದೂರದ ಅಜ್ಜಿಯ ಮುಖ ತೆಗೆಯಿರಿ. ಈಗ ಸ್ಪಷ್ಟವಾಗಿ ಕಾಣೋದು ನಾಲ್ಕೈದು ಸೆಂಟಿಮೀಟರ್ ಮಾತ್ರ. ಕಣ್ಣಿಗೆ ಫೋಕಸ್ ಮಾಡಿದ್ದು ಕಿವಿಗೆ ಬೀಳುತ್ತದೆ.

ಆಗ ಜನ ಏನಂತಾರೆ? "ಲೆನ್ಸ್ ಹಳೇದಾಯ್ತು", "ಫಿಲ್ಮ್ ಸರಿ ಇಲ್ಲ", "ನನ್ನ ಕೈ ನಡುಗುತ್ತೆ". ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನೋ ಗಾದೆ ಇಲ್ಲಿ ತಿರುಗುಮುರುಗು. ಇಲ್ಲಿ ನೆಲವೇ ಡೊಂಕಾಗಿದೆ, ಪಾಪ, ಕುಣಿಯುವವರು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಕಾಸು ಖರ್ಚಿಲ್ಲದ ಪರೀಕ್ಷೆ

ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಪರೀಕ್ಷೆ ಮಾಡಿ. ಮೂರು ಹಂತ.

ಒಂದು. ಜೋರ್ಕಿ 4ರಲ್ಲಿ ಫಿಲ್ಮ್ ವಾಪಸ್ ಸುತ್ತುವ ಗುಂಡಿಯ ಬುಡದಲ್ಲಿ ಒಂದು ಸಣ್ಣ ಸನ್ನೆ ಇದೆ. ಅದು ನೋಡುವವರ ಕಣ್ಣಿಗೆ ತಕ್ಕಂತೆ ಕಿಂಡಿಯನ್ನು ಹೊಂದಿಸಲು. ಕನ್ನಡಕದ ಪವರ್ ಇದ್ದ ಹಾಗೆ ಅಂದುಕೊಳ್ಳಿ. ಮೊದಲು ಅದನ್ನು ಆಡಿಸಿ ನೋಟ ಸ್ಪಷ್ಟ ಮಾಡಿಕೊಳ್ಳಿ. ಕಿಂಡಿಯೇ ಮಸುಕಾಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ನೆಟ್ಟಗಾಗೋದಿಲ್ಲ.

ಎರಡು. ಲೆನ್ಸನ್ನು ಅನಂತದ ಗುರುತಿಗೆ, ಅಂದರೆ ಮಲಗಿದ ಎಂಟರ ಗುರುತಿಗೆ, ಪೂರ್ತಿ ತಿರುಗಿಸಿ. ಕನಿಷ್ಠ ಒಂದು ಕಿಲೋಮೀಟರ್ ದೂರದ ವಸ್ತು ನೋಡಿ. ಮೊಬೈಲ್ ಟವರ್ ಸಾಕು, ಬೆಟ್ಟದ ಮೇಲಿನ ಗುಡಿಯ ಕಳಸವೂ ಆದೀತು. ರಾತ್ರಿ ಚಂದ್ರ ಇನ್ನೂ ಒಳ್ಳೆಯದು. ಸೂರ್ಯನ ಕಡೆ ಮಾತ್ರ ಯಾವ ಕಾರಣಕ್ಕೂ ಹಿಡಿಯಬೇಡಿ, ಕಣ್ಣು ಹೋಗುತ್ತದೆ. ಎರಡು ಬಿಂಬ ಒಂದಾಗಿ ಕೂತರೆ ಸರಿ. ಪಕ್ಕಪಕ್ಕ ನಿಂತರೆ ಅಡ್ಡ ಹೊಂದಾಣಿಕೆ ತಪ್ಪಿದೆ. ಒಂದು ಮೇಲೆ, ಒಂದು ಕೆಳಗೆ ನಿಂತರೆ ಲಂಬ ಹೊಂದಾಣಿಕೆ ತಪ್ಪಿದೆ. ಅಡ್ಡ ತಪ್ಪಿದರೆ ದೂರದ ಅಳತೆಯೇ ಸುಳ್ಳಾಗುತ್ತದೆ. ಲಂಬ ತಪ್ಪಿದರೆ ಅಳತೆ ಅಷ್ಟಾಗಿ ಕೆಡುವುದಿಲ್ಲ, ಬಿಂಬಗಳನ್ನು ಕೂಡಿಸುವುದು ಕಷ್ಟವಾಗಿ ಕಣ್ಣು ಮೋಸ ಹೋಗುತ್ತದೆ.

ಮೂರು. ಟೇಪು ಹಿಡಿದು, ಫಿಲ್ಮ್ ಕೂರುವ ಹಿಂಬದಿಯಿಂದ ಸರಿಯಾಗಿ 1 ಮೀಟರಿಗೆ ಒಂದು ಸೂಜಿಯನ್ನೋ ಕಪ್ಪು ಗೆರೆಯನ್ನೋ ನಿಲ್ಲಿಸಿ. ಬಿಂಬ ಒಂದಾಗುವಂತೆ ಲೆನ್ಸ್ ತಿರುಗಿಸಿ. ಲೆನ್ಸ್ ಮೇಲಿನ ಅಂಕಿ 1 ಅನ್ನುತ್ತದೆಯೇ ನೋಡಿ.

ಈ ಮೂರೂ ಸರಿ ಬಂದರೆ ಕ್ಯಾಮೆರಾ ಮುಟ್ಟಬೇಡಿ. ಸರಿಯಾದ ತಕ್ಕಡಿಯ ಮುಳ್ಳು ಜಗ್ಗುವವನು ಜಾಣನಲ್ಲ.

ಈಗ ಸ್ಕ್ರೂಡ್ರೈವರ್

ಬೇಕಾಗಿದ್ದು: ವಾಚ್ ರಿಪೇರಿಯವರು ಬಳಸುವ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಬಿಳಿ ಬಟ್ಟೆ ಹಾಸಿದ ಮೇಜು, ಬಿಚ್ಚಿದ ಸ್ಕ್ರೂ ಇಡಲು ಒಂದು ಬಾಟಲಿ ಮುಚ್ಚಳ. ಪ್ರತಿ ಹಂತದ ಫೋಟೋ ತೆಗೆಯಲು ನಿಮ್ಮ ಫೋನು.

ಜೋರ್ಕಿ 4ರ ಮುಂಭಾಗ ನೋಡಿ. ಒಂದು ಕಡೆ ದೊಡ್ಡ ಚೌಕ ಕಿಟಕಿ, ಇನ್ನೊಂದು ಕಡೆ ಪುಟ್ಟ ದುಂಡು ಕಿಟಕಿ. ಇವೆರಡರ ನಡುವೆ ಒಂದು ಸಣ್ಣ ಸ್ಕ್ರೂ ಕಾಣುತ್ತದೆ. ಅದು ಬರೀ ಮುಚ್ಚಳ. ಅದನ್ನು ಬಿಚ್ಚಿದರೆ ತೂತಿನ ಒಳಗೆ ಇನ್ನೊಂದು ಸ್ಕ್ರೂವಿನ ಸೀಳು. ಅಡ್ಡ ಹೊಂದಾಣಿಕೆಯ ಕೀಲಿ ಅದೇ.

ಲೆನ್ಸ್ ಅನಂತದಲ್ಲಿರಲಿ. ಕ್ಯಾಮೆರಾವನ್ನು ಅಲುಗದ ಹಾಗೆ ಕೂರಿಸಿ ದೂರದ ಟವರ್ ಕಡೆ ತಿರುಗಿಸಿ. ಒಳಗಿನ ಸ್ಕ್ರೂವನ್ನು ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಒಂದೇ ಸಲಕ್ಕೆ ತಿರುಗಿಸಬೇಡಿ. ತಿರುಗಿಸಿ, ನೋಡಿ. ಮತ್ತೆ ತಿರುಗಿಸಿ, ನೋಡಿ. ಬಿಂಬ ಇನ್ನೂ ದೂರ ಹೋದರೆ ದಿಕ್ಕು ತಪ್ಪಿದೆ ಅಂತ ಅರ್ಥ, ವಾಪಸ್ ಬನ್ನಿ. ಎಷ್ಟು ತಿರುಗಿಸಿದಿರಿ, ಯಾವ ಕಡೆಗೆ ಅನ್ನೋದನ್ನು ಕಾಗದದ ಮೇಲೆ ಬರೆದಿಡಿ. ಬರೆದಿಟ್ಟವನು ಯಾವತ್ತೂ ಹೊರಟ ಜಾಗಕ್ಕೆ ಮರಳಬಲ್ಲ.

ಲಂಬ ಹೊಂದಾಣಿಕೆಗೆ ದುಂಡು ಕಿಟಕಿಯ ಸುತ್ತಲಿನ ಹೊರ ಉಂಗುರ ಬಿಚ್ಚಬೇಕು. ಇಕ್ಕಳ ಹಾಕಿದರೆ ಗೀರು ಬೀಳುತ್ತದೆ. ರಬ್ಬರ್ ತುಂಡು ಒತ್ತಿ ತಿರುಗಿಸಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಒಳಗೆ ಗಾಜು ಕೂರಿಸಿದ ಇನ್ನೊಂದು ಉಂಗುರ. ಆ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದನ್ನು ತಿರುಗಿಸಿದಂತೆ ಬಿಂಬ ಮೇಲೆ ಕೆಳಗೆ ಆಗುತ್ತದೆ. ಜೊತೆಗೆ ಸ್ವಲ್ಪ ಪಕ್ಕಕ್ಕೂ ಸರಿಯುತ್ತದೆ, ಯಾಕೆಂದರೆ ಗಾಜು ತಿರುಗುವುದು ದುಂಡಗೆ. ಆದ್ದರಿಂದ ಲಂಬ ಸರಿ ಮಾಡಿದ ಮೇಲೆ ಅಡ್ಡವನ್ನು ಮತ್ತೆ ನೋಡಲೇಬೇಕು. ಒಂದೆರಡು ಸಲ ಹೀಗೆ ಹೋಗಿ ಬಂದರೆ ಎರಡೂ ಕೂಡಿಕೊಳ್ಳುತ್ತವೆ.

ಕೊನೆಗೆ 1 ಮೀಟರಿನ ಸೂಜಿ ಪರೀಕ್ಷೆ ಮತ್ತೊಮ್ಮೆ ಮಾಡಿ. ಅನಂತದಲ್ಲಿ ಸರಿ ಇದ್ದು ಹತ್ತಿರದಲ್ಲಿ ತಪ್ಪಿದರೆ, ಲೆನ್ಸ್ ಒತ್ತುವ ಆ ಒಳಗಿನ ಕೈಯ ತುದಿ ಬಾಗಿರಬಹುದು ಅಥವಾ ಸವೆದಿರಬಹುದು. ಅಲ್ಲಿಗೆ ನಿಲ್ಲಿಸಿ. ಅದು ಪಳಗಿದ ಕೈಯ ಕೆಲಸ.

ಕಿಂಡಿಯ ಮಾತು ನಂಬಬೇಡಿ, ಫಿಲ್ಮಿನ ಜಾಗದಲ್ಲಿ ನೋಡಿ

ರೇಂಜ್‌ಫೈಂಡರ್ ಸರಿ ಅಂದಿತು. ಲೆನ್ಸ್ ಸರಿ ಇದೆ ಅಂತ ಯಾರು ಹೇಳಿದರು? ಲೆನ್ಸನ್ನು ಹಿಂದೆ ಯಾರಾದರೂ ಬಿಚ್ಚಿ ತಪ್ಪಾಗಿ ಜೋಡಿಸಿದ್ದರೆ ಕಿಂಡಿಯಲ್ಲಿ ಒಂದು, ಫಿಲ್ಮಿನಲ್ಲಿ ಇನ್ನೊಂದು. ಸೋವಿಯತ್ ಲೆನ್ಸನ್ನು ಲೈಕಾ ಕ್ಯಾಮೆರಾಕ್ಕೆ ಹಾಕಿದರೂ ಹತ್ತಿರದ ಫೋಕಸ್ ತುಸು ತಪ್ಪಬಹುದು, ಎರಡರ ಅಳತೆಯ ಲೆಕ್ಕ ಒಂದೇ ಅಲ್ಲ.

ಇದಕ್ಕೂ ದಾರಿ ಇದೆ. ಫಿಲ್ಮ್ ಇಲ್ಲದಾಗ ಜೋರ್ಕಿ 4ರ ತಳದ ಎರಡು ಕೀಲಿ ತಿರುಗಿಸಿ, ತಳವನ್ನೂ ಬೆನ್ನನ್ನೂ ಒಟ್ಟಿಗೆ ಕೆಳಕ್ಕೆ ಜಾರಿಸಿ ತೆಗೆಯಿರಿ. ಫಿಲ್ಮ್ ಜಾರುವ ಒಳಗಿನ ಎರಡು ಹಳಿಗಳ ಮೇಲೆ ಮಸುಕು ಸೆಲ್ಲೋಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, ಶಟರ್ ಪರದೆಗೆ ತಾಗದಿರಲಿ. ಮೊದಲು ಕೀಲಿ ಕೊಡಿ, ಆಮೇಲೆ ಶಟರನ್ನು ಬಿ ಗುರುತಿಗೆ ತನ್ನಿ. ಈ ಕ್ರಮ ತಿರುಗಿಸಬೇಡಿ. ಕೀಲಿ ಕೊಡುವ ಮುಂಚೆ ವೇಗ ಬದಲಿಸಿದರೆ ಈ ಕ್ಯಾಮೆರಾಗಳ ಶಟರ್ ಕೆಡುವ ಅಪಾಯವಿದೆ. ಜೊತೆಗಿದ್ದವರು ಬಟನ್ ಒತ್ತಿ ಹಿಡಿಯಲಿ. ಲೆನ್ಸನ್ನು ಪೂರ್ತಿ ತೆರೆದು, ಟೇಪಿನ ಮೇಲೆ ಬೀಳುವ ತಲೆಕೆಳಗಾದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ. ಕಿಂಡಿ ಸರಿ ಎಂದಾಗ ಇಲ್ಲೂ ಸರಿ ಕಂಡರೆ ಕೆಲಸ ಮುಗಿಯಿತು. ಇಲ್ಲವಾದರೆ ತಪ್ಪು ಲೆನ್ಸಿನದು, ರೇಂಜ್‌ಫೈಂಡರಿನ ಸ್ಕ್ರೂ ಮತ್ತೆ ಮತ್ತೆ ತಿರುಗಿಸಿ ಪ್ರಯೋಜನವಿಲ್ಲ.

ಎಲ್ಲಿ ಕೈ ಹಾಕಬಾರದು

ನೀವೇ ಮಾಡಿ ಅಂತ ಹೇಳುವವನು ಎಲ್ಲಿ ಮಾಡಬಾರದು ಅನ್ನೋದನ್ನೂ ಹೇಳಬೇಕು.

ಒಳಗಿನ ಅರೆಪಾರದರ್ಶಕ ಕನ್ನಡಿಯನ್ನು ಬಟ್ಟೆಯಿಂದ ಒರೆಸಬೇಡಿ. ಹಳೆಯ ಲೇಪನ ಧೂಳಿನ ಜೊತೆಗೇ ಬಂದುಬಿಡಬಹುದು. ಗಾಳಿ ಊದುವ ರಬ್ಬರ್ ಬುಗ್ಗೆ ಸಾಕು. ಮಚ್ಚೆಯೇ ಕಾಣದಷ್ಟು ಲೇಪನ ಹೋಗಿದ್ದರೆ ಯಾವ ಸ್ಕ್ರೂವಿನಿಂದಲೂ ಅದು ವಾಪಸ್ ಬರೋದಿಲ್ಲ.

ಯಾಶಿಕಾ ಎಲೆಕ್ಟ್ರೋ 35, ಕ್ಯಾನನೆಟ್ ಇಂಥ ಜಪಾನಿ ಕ್ಯಾಮೆರಾಗಳಲ್ಲಿ ಸ್ಕ್ರೂ ತಲುಪಲು ಮೇಲಿನ ಮುಚ್ಚಳ ಬಿಚ್ಚಬೇಕು. ಹಳೆಯ ಜಪಾನಿ ಕ್ಯಾಮೆರಾಗಳಲ್ಲಿ ಕೂಡು ಗುರುತಿನ ಸ್ಕ್ರೂ ಕಂಡರೆ ಜೋಪಾನ. ಅದು ನಮ್ಮ ಸಾಮಾನ್ಯ ಸ್ಟಾರ್ ಸ್ಕ್ರೂ ಅಲ್ಲ, ಜಪಾನಿ ಅಳತೆಯದು. ಹೊಂದದ ಡ್ರೈವರ್ ಹಾಕಿದರೆ ತಲೆ ಕೆತ್ತಿಹೋಗುತ್ತದೆ. ವೋಗ್ಟ್‌ಲ್ಯಾಂಡರ್ ಬೆಸ್ಸಾ ಆರ್ ಸಾಲಿನಲ್ಲಿ ಮೇಲೆ ಫ್ಲ್ಯಾಶ್ ಕೂರಿಸುವ ತಟ್ಟೆಯ ಕೆಳಗೇ ಹೊಂದಾಣಿಕೆ ಸ್ಕ್ರೂಗಳಿವೆ. ಲೈಕಾ ಎಂ ಸಾಲಿನಲ್ಲಿ ಲೆನ್ಸ್ ತೆಗೆದರೆ ಒಳಗೆ ಪುಟ್ಟ ಗಾಲಿಯೊಂದು ಕಾಣುತ್ತದೆ, ಅನಂತದ ಹೊಂದಾಣಿಕೆ ಅದರಲ್ಲೇ. ಆದರೆ ವಾರಂಟಿ ಇರುವ ಹೊಸ ಡಿಜಿಟಲ್ ಲೈಕಾ ನಿಮ್ಮ ಕೈಯಲ್ಲಿದ್ದರೆ ವಾರಂಟಿ ಬಳಸಿಕೊಳ್ಳಿ. ಕೊಟ್ಟ ಕಾಸಿನ ಸೇವೆ ಬಿಡುವುದು ಜಾಣತನವಲ್ಲ.

ಸುತ್ತಿಗೆ ಯಾರ ಕೈಯಲ್ಲಿದೆ?

ಈಗ ಜಗಳದ ಮಾತಿಗೆ ಬರೋಣ.

ನಮ್ಮ ತಾಲ್ಲೂಕಿನ ಹಳೆಯ ಸ್ಟುಡಿಯೋ ಯಜಮಾನರೊಬ್ಬರು ಜೋರ್ಕಿ 4 ಇಟ್ಟುಕೊಂಡಿದ್ದರು. ಬಿಂಬ ಕೂಡುತ್ತಿರಲಿಲ್ಲ. ನಗರದ ರಿಪೇರಿ ಅಂಗಡಿಯೊಂದಕ್ಕೆ ಹೋದರೆ ಸಿಕ್ಕ ಉತ್ತರ: "ಪಾರ್ಟ್ಸ್ ಸಿಗಲ್ಲ. ಪೂರ್ತಿ ಸರ್ವಿಸ್ ಮಾಡಿದರೆ ನಾಲ್ಕೂವರೆ ಸಾವಿರ, ಅದೂ ಗ್ಯಾರಂಟಿ ಇಲ್ಲ. ಬೇಡ ಅಂದರೆ ಐನೂರಕ್ಕೆ ಇಲ್ಲೇ ಕೊಟ್ಟು ಹೋಗಿ." ಯಜಮಾನರು ಮಾರದೆ ವಾಪಸ್ ತಂದರು. ಮುರಿದ ಭಾಗ ಒಂದೂ ಇರಲಿಲ್ಲ. ಸ್ಟುಡಿಯೋ ಜಗುಲಿಯ ಮೇಲೆ ಕೂತು, ಎದುರಿನ ಗುಡ್ಡದ ಟವರ್ ನೋಡಿಕೊಂಡು ಇಬ್ಬರೂ ಸೇರಿ ಹೊಂದಿಸಿದೆವು. ಸುಮಾರು ಮುಕ್ಕಾಲು ಗಂಟೆ.

"ಇಷ್ಟೇನಾ?" ಅಂದರು ಅವರು.

"ಇಷ್ಟೇ ಯಜಮಾನ್ರೇ."

"ಮೂವತ್ತು ವರ್ಷದಿಂದ ನನ್ನ ಕೈಲೇ ಇದೆ. ಒಬ್ಬನೂ ಹೇಳಲಿಲ್ಲವಲ್ಲಪ್ಪ!"

ಆ ಕೊನೆಯ ಮಾತು ಇದೆಯಲ್ಲ, ಅದೇ ನನ್ನ ಸಿಟ್ಟು. ಒಬ್ಬನೂ ಹೇಳಲಿಲ್ಲ. ಪಾರ್ಟ್ಸ್ ಸಿಗಲ್ಲ ಅಂದವನಿಗೆ ಪಾರ್ಟ್ಸ್ ಬೇಕಿಲ್ಲ ಅಂತ ಗೊತ್ತಿರಲಿಲ್ಲವೇ? ಗೊತ್ತಿಲ್ಲದಿದ್ದರೆ ಅವನು ರಿಪೇರಿಯವನಲ್ಲ. ಗೊತ್ತಿದ್ದೂ ಐನೂರಕ್ಕೆ ಕೇಳಿದ್ದರೆ ಅದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ.

ಹಾಗಂತ ಎಲ್ಲ ರಿಪೇರಿಯವರೂ ಹೀಗೆ ಅಂತ ನಾನು ಹೇಳೋದಿಲ್ಲ. ಶಟರ್ ಪರದೆ ಬದಲಿಸುವವರು, ಲೆನ್ಸಿನ ಬೂಷ್ಟು ತೆಗೆಯುವವರು ದೊಡ್ಡ ವಿದ್ಯೆ ಬಲ್ಲವರು. ಅವರಿಗೆ ಕೇಳಿದ ದುಡ್ಡು ಚೌಕಾಸಿ ಮಾಡದೆ ಕೊಡಬೇಕು. ನನ್ನ ತಕರಾರು ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರದ ಮೇಲೆ.

ತಕರಾರು ನಮ್ಮ ಶಿಕ್ಷಣದ ಮೇಲೂ ಇದೆ. ಡಿಪ್ಲೊಮಾದಲ್ಲಿ ನಮಗೆ ಕ್ಯಾಮೆರಾ ಚಿತ್ರ ಬರೆಸಿದರು, ಭಾಗಗಳ ಹೆಸರು ಬಾಯಿಪಾಠ ಮಾಡಿಸಿದರು. ರೇಂಜ್‌ಫೈಂಡರ್ ಎಂದರೇನು, ಎರಡು ಅಂಕ. ಒಂದು ಕ್ಯಾಮೆರಾ ಮೇಜಿನ ಮೇಲಿಟ್ಟು "ಇದು ತಪ್ಪಿದೆ, ಸರಿ ಮಾಡಿ" ಅನ್ನಲಿಲ್ಲ. ಈಜು ಕಲಿಸಲು ಕೆರೆಯ ನಕ್ಷೆ ಬರೆಸಿದ ಹಾಗಾಯಿತು.

"ಫೋನ್ ಇರುವಾಗ ಇದೆಲ್ಲ ಯಾಕೆ?"

ಈ ಪ್ರಶ್ನೆ ಬಂದೇ ಬರುತ್ತದೆ. ನೀವು ಇದನ್ನು ಓದುತ್ತಿರುವುದೂ ಫೋನಿನಲ್ಲೇ. ನಾನು ಸುದ್ದಿಯ ಚಿತ್ರ ಕಳಿಸುವುದೂ ಫೋನಿನಿಂದಲೇ. ಫೋನ್ ಬಿಸಾಡಿ ಫಿಲ್ಮ್ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ.

ಆದರೆ ಯೋಚಿಸಿ. ಫೋನಿನ ಫೋಕಸ್ ತಪ್ಪಿದರೆ ನೀವೇನು ಮಾಡಬಲ್ಲಿರಿ? ಅಂಟು ಹಾಕಿ ಮುಚ್ಚಿದ ಡಬ್ಬಿ ಅದು. ಬ್ಯಾಟರಿ ಬದಲಿಸಲೂ ಅಂಗಡಿ ಬೇಕು. ಜೋರ್ಕಿ ಮಾಡಿದ ಕಾಲದಲ್ಲಿ ಯಂತ್ರ ಒಂದು ದಿನ ಸರಿಯುತ್ತದೆ, ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ ಅಂತ ಮೊದಲೇ ಅಂದುಕೊಂಡು ಅದಕ್ಕೊಂದು ತೂತು, ಒಂದು ಸ್ಕ್ರೂ, ಒಂದು ಮುಚ್ಚಳ ಇಟ್ಟರು. ಈಗ ಸರಿದರೆ ಹೊಸದು ಕೊಳ್ಳಲಿ ಅಂತ ಅಂಟು ಹಾಕುತ್ತಾರೆ. ಬದಲಾಗಿದ್ದು ತಂತ್ರಜ್ಞಾನ ಮಾತ್ರ ಅಲ್ಲ. ಕೊಂಡವನನ್ನು ಮಾಲೀಕ ಅಂತ ನೋಡುತ್ತಿದ್ದವರು ಈಗ ಬಾಡಿಗೆದಾರ ಅಂತ ನೋಡುತ್ತಿದ್ದಾರೆ.

ಇದು ನನ್ನೊಬ್ಬನ ಹಠವಲ್ಲ. 2018ರಲ್ಲಿ ಅಮೆರಿಕದ ವ್ಯಾಪಾರ ಆಯೋಗ, ಸೀಲ್ ಕಿತ್ತರೆ ವಾರಂಟಿ ಇಲ್ಲ ಎಂಬಂಥ ಷರತ್ತು ಹಾಕುತ್ತಿದ್ದ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. 2023ರಲ್ಲಿ ಅಲ್ಲಿನ ಕೊಲರಾಡೊ ರಾಜ್ಯ, ರೈತರು ತಮ್ಮ ಟ್ರ್ಯಾಕ್ಟರುಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗೆ ಕಾನೂನು ಮಾಡಿತು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಇದಕ್ಕಾಗಿಯೇ ಒಂದು ಪೋರ್ಟಲ್ ಶುರುವಾಯಿತು. ಅದರಲ್ಲಿ ಮೊದಲು ಆರಿಸಿಕೊಂಡ ವಿಭಾಗಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ನಾಲ್ಕೂ ನಮ್ಮ ಮನೆಯಂಗಳದವೇ.

ಪೋರ್ಟಲ್ ಬಂದ ಮಾತ್ರಕ್ಕೆ ಹಕ್ಕು ಬಂದಂತಲ್ಲ. ಬಿಚ್ಚಿ ನೋಡಲು ಧೈರ್ಯ ಇಲ್ಲದವನಿಗೆ ಬಿಚ್ಚುವ ಹಕ್ಕು ಕೊಟ್ಟರೂ ಅದು ಕಾಗದದಲ್ಲೇ ಉಳಿಯುತ್ತದೆ. ಆ ಧೈರ್ಯ ಕಲಿಯಲು ಎಪ್ಪತ್ತು ವರ್ಷದ ಹಿಂದಿನ ಈ ಕ್ಯಾಮೆರಾಗಳಿಗಿಂತ ಒಳ್ಳೆಯ ಮೇಷ್ಟ್ರು ಸಿಗೋದು ಕಷ್ಟ. ಇಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ, ಪರಿಣಾಮವೂ ಕಣ್ಣಿಗೆ ಕಾಣುತ್ತದೆ. ಸ್ಕ್ರೂ ತಿರುಗಿಸಿದರೆ ಬಿಂಬ ಸರಿಯುತ್ತದೆ. ಎಂಟನೇ ಒಂದು ಸುತ್ತು ವಾಪಸ್ ತಿರುಗಿಸಿದರೆ ವಾಪಸ್ ಬರುತ್ತದೆ.

ನಮ್ಮಂಥ ಜಿಲ್ಲಾ ವರದಿಗಾರರಿಗೆ ಇದು ಹೊಟ್ಟೆಯ ಪ್ರಶ್ನೆ ಕೂಡ. ಸುದ್ದಿಗೆ ಇಷ್ಟು ಅಂತ ಕಾಸು ಎಣಿಸುವವರು ನಾವು. ಕ್ಯಾಮೆರಾ, ಬೈಕು, ಫೋನು ಎಲ್ಲ ನಮ್ಮದೇ ಖರ್ಚು. ಸಾಧನ ಕೆಟ್ಟಾಗಲೆಲ್ಲ ನಗರದ ಬಸ್ ಹತ್ತಬೇಕಾದರೆ ಆ ದಿನದ ಸುದ್ದಿಯೂ ಹೋಯಿತು, ದುಡಿಮೆಯೂ ಹೋಯಿತು. ನಮ್ಮ ಊರಿನ ಮುಖಗಳನ್ನು ನಾವೇ ಸ್ಪಷ್ಟವಾಗಿ ತೆಗೆಯಬೇಕು ಅಂದರೆ ಸಾಧನದ ಮೇಲಿನ ಹಿಡಿತ ನಮ್ಮ ಕೈಯಲ್ಲೇ ಇರಬೇಕು.

ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಅಂದಿದ್ದು ಹೊಲದ ಕೆಸರಿಗೆ ಮಾತ್ರ ಅಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಎರಡು ಕಿಟಕಿಯ ಕ್ಯಾಮೆರಾ ಇದ್ದರೆ ಈ ಭಾನುವಾರ ಕೆಳಗಿಳಿಸಿ. ಗುಜರಿಯವನಿಗೆ ತೋರಿಸುವ ಮುಂಚೆ ದೂರದ ಟವರಿಗೆ ಹಿಡಿದು ನೋಡಿ. ಬಿಂಬ ಎರಡಾಗಿದ್ದರೆ ವಾಚ್ ರಿಪೇರಿಯವರ ಹತ್ತಿರ ಸಣ್ಣ ಸ್ಕ್ರೂಡ್ರೈವರ್ ಕಡ ಕೇಳಿ. ಮನೆಯಲ್ಲಿ ಓದುವ ಹುಡುಗರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಎಷ್ಟು ತಿರುಗಿಸಿದಿರಿ ಅನ್ನೋದನ್ನು ಅವರೇ ಬರೆದುಕೊಳ್ಳಲಿ.